ವಸಡಿನ ಹತ್ತಿರ ಹಲ್ಲುಗಳ ನಡುವೆ ಸಂದು: ಯಾವುದನ್ನು ಮುಚ್ಚಿಸಬಹುದು, ಹೇಗೆ

ಎರಡು ಹಲ್ಲುಗಳು ತುದಿಯಲ್ಲಿ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಆದರೆ ಬುಡದಲ್ಲಿ, ವಸಡು ಮೊನೆಯಾಗಿ ಎದ್ದು ತುಂಬಿಕೊಳ್ಳಬೇಕಾದ ಜಾಗ ಖಾಲಿ. ಬಾಯೊಳಗಿನ ಕತ್ತಲೆ ಆ ಕಿಂಡಿಯಲ್ಲಿ ಇಣುಕುವುದರಿಂದ ದೂರಕ್ಕೆ ಕಪ್ಪು ತ್ರಿಕೋನದಂತೆ ಕಾಣುತ್ತದೆ. ಹಲ್ಲಿನ ಡಾಕ್ಟರುಗಳ ಬಾಯಲ್ಲೂ ಇದು ‘ಬ್ಲ್ಯಾಕ್ ಟ್ರಯಾಂಗಲ್’. ಹುಳುಕು ಹಿಡಿದಿದೆ ಎಂದು ಹೆದರಿ ಬರುವವರೂ ಉಂಟು, ಸೊಪ್ಪು ಸಿಕ್ಕಿಕೊಂಡಿದೆ ಎಂದು ದಿನವೂ ಕಡ್ಡಿ ಹಾಕಿ ಕೆದಕುವವರೂ ಉಂಟು. ಮೇಲಿಂದ ಕೆಳಗಿನವರೆಗೂ ಹಲ್ಲುಗಳು ಬಿಟ್ಟುಕೊಂಡಿರುವ ಸಂದು ಬೇರೆ. ಅದರ ಚಿಕಿತ್ಸೆಯೂ ಬೇರೆ, ಇಲ್ಲಿ ಅದರ ಮಾತಿಲ್ಲ.

ಈ ತ್ರಿಕೋನವನ್ನು ಮುಚ್ಚುವ ದಾರಿಗಳು ನಾಲ್ಕೈದಿವೆ. ಯಾವ ದಾರಿ ಹಿಡಿಯಬೇಕು ಎಂಬುದನ್ನು ಹೇಳುವುದು ಮಾತ್ರ ಹೊರಗೆ ಕಾಣುವ ವಸಡಲ್ಲ, ಅದರ ಕೆಳಗಿರುವ ಮೂಳೆ. ಅದನ್ನು ಅಳೆಯದೆ ಶುರುಮಾಡಿದ ಕೆಲಸ ಹಣವನ್ನೂ ಹಾಳುಮಾಡುತ್ತದೆ, ವಸಡನ್ನೂ ಹಾಳುಮಾಡುತ್ತದೆ.

ಐದು ಮಿಲಿಮೀಟರಿನ ಲೆಕ್ಕ

ಹಲ್ಲುಗಳ ನಡುವಿನ ವಸಡಿನ ಮೊನೆ ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಕೆಳಗೆ ದವಡೆ ಮೂಳೆಯ ಏಣು ಅದಕ್ಕೆ ಆಧಾರ. ಮೇಲೆ ಎರಡು ಹಲ್ಲುಗಳು ತಾಗುವ ಜಾಗ ಅದಕ್ಕೆ ಸೂರು. ಆ ಎರಡರ ನಡುವಿನ ಅಂತರ ಎಷ್ಟು ಎಂಬುದರ ಮೇಲೆ ಮೊನೆ ಪೂರ್ತಿ ತುಂಬುತ್ತದೆಯೋ ಇಲ್ಲವೋ ಎಂಬುದು ನಿಂತಿದೆ. 1992ರಲ್ಲಿ ಅಮೆರಿಕದ ಡೆನ್ನಿಸ್ ಟಾರ್ನೊ ಮತ್ತು ಸಂಗಡಿಗರು 288 ಸಂದುಗಳನ್ನು ಅಳೆದು ಪ್ರಕಟಿಸಿದ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಅಂತರ 5 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ ಬಹುತೇಕ ಎಲ್ಲ ಸಂದುಗಳಲ್ಲೂ ವಸಡು ತುಂಬಿತ್ತು. 6 ಮಿ.ಮೀ. ಆದಲ್ಲಿ 56% ಸಂದುಗಳಲ್ಲಿ ಮಾತ್ರ. 7 ಮಿ.ಮೀ. ಆದಲ್ಲಿ 27%. ಒಂದೊಂದು ಮಿಲಿಮೀಟರಿಗೂ ಇಷ್ಟು ಬೆಲೆ.

ಅಂತರ ಹೆಚ್ಚಾಗುವುದಕ್ಕೆ ದಾರಿ ಎರಡು. ಒಂದು, ಮೂಳೆ ಕೆಳಗಿಳಿಯುವುದು. ವಸಡಿನ ರೋಗದಲ್ಲಿ ಆಗುವುದು ಇದೇ. ಇನ್ನೊಂದು, ತಾಗುವ ಜಾಗ ಮೊದಲಿನಿಂದಲೂ ತೀರಾ ಮೇಲಿರುವುದು. ಕೆಲವರ ಹಲ್ಲು ಚೌಕ, ಕೆಲವರದು ತುದಿಯಲ್ಲಿ ಅಗಲವಾಗಿ ಬುಡಕ್ಕೆ ಬರುತ್ತ ಕಿರಿದಾಗುತ್ತದೆ. ಇಂಥ ತ್ರಿಕೋನಾಕಾರದ ಹಲ್ಲುಗಳು ತುದಿಯಲ್ಲಿ ಮಾತ್ರ ತಾಗುತ್ತವೆ. ಒಂದರ ಮೇಲೊಂದು ಹತ್ತಿಕೊಂಡಿದ್ದಾಗ ಸಂದು ಮರೆಯಾಗಿರುತ್ತದೆ. ಕ್ಲಿಪ್ಪು ಹಾಕಿ ಸಾಲಾಗಿ ನಿಲ್ಲಿಸಿದ ಕೂಡಲೇ ಬಯಲಾಗುತ್ತದೆ. ದೊಡ್ಡವರಾದ ಮೇಲೆ ಕ್ಲಿಪ್ಪು ಹಾಕಿಸಿದವರಲ್ಲಿ 38% ಜನರಿಗೆ ಹೀಗಾಗಿತ್ತು ಎಂದು 2001ರ ಒಂದು ಅಧ್ಯಯನ ಹೇಳಿದೆ. ಅಂದರೆ ಕ್ಲಿಪ್ಪು ಬಿಚ್ಚಿದ ದಿನ ಕೆಳಗಿನ ಮುಂಬಲ್ಲುಗಳ ನಡುವೆ ಕಿಂಡಿ ಕಂಡರೆ ಡಾಕ್ಟರು ಕೆಲಸ ಕೆಡಿಸಿದರು ಎಂದು ತಕ್ಷಣ ತೀರ್ಮಾನಿಸಬೇಕಾಗಿಲ್ಲ. ಆದರೆ ಇದನ್ನು ಶುರುವಿನಲ್ಲೇ ಹೇಳಬೇಕಾದದ್ದು ಅವರ ಕೆಲಸ.

ವಯಸ್ಸು, ಗಟ್ಟಿ ಬ್ರಷ್ಷಿನಿಂದ ಅಡ್ಡಡ್ಡ ಉಜ್ಜುವುದು, ಊಟವಾದ ಮೇಲೆ ಪಿನ್ನು, ಬೆಂಕಿಕಡ್ಡಿ, ತೆಂಗಿನ ಗರಿಕಡ್ಡಿ ಹಾಕಿ ತಿವಿಯುವುದು, ಇವೂ ಮೊನೆಯನ್ನು ತಗ್ಗಿಸುತ್ತವೆ. ಕಡ್ಡಿ ಹಾಕುವ ಅಭ್ಯಾಸದ್ದೇ ಒಂದು ವಿಷಚಕ್ರ. ಸಂದು ಇದೆಯೆಂದು ಕಡ್ಡಿ, ಕಡ್ಡಿ ಹಾಕಿದ್ದಕ್ಕೆ ಇನ್ನಷ್ಟು ಸಂದು.

ಮೊದಲು ಮನೆಯಲ್ಲಿ ನೋಡಿಕೊಳ್ಳಬೇಕಾದದ್ದು

ಮೊಬೈಲ್ ಟಾರ್ಚ್ ಹಾಕಿ, ತುಟಿ ಎತ್ತಿ ಹಿಡಿದು ಕನ್ನಡಿಯಲ್ಲಿ ನೋಡಿ. ವಸಡಿನ ಮೊನೆ ತಿಳಿಗುಲಾಬಿ ಬಣ್ಣದಲ್ಲಿ, ಗಟ್ಟಿಯಾಗಿ, ಚೂಪಾಗಿದೆಯೇ? ಅಥವಾ ಕೆಂಪಗೆ ಊದಿ ಮೊಂಡಾಗಿದೆಯೇ? ನಮ್ಮಲ್ಲಿ ಅನೇಕರ ವಸಡು ಸಹಜವಾಗಿಯೇ ಕಂದು ಬಣ್ಣದ್ದು. ಅಂಥವರು ಬಣ್ಣಕ್ಕಿಂತ ಊತ, ಹೊಳಪು ನೋಡಬೇಕು. ಆಮೇಲೆ ಹಲ್ಲಿನ ದಾರ, ಅಂದರೆ ಫ್ಲಾಸ್, ಸಂದಿನೊಳಗೆ ಇಳಿಸಿ. ‘ಟಕ್’ ಎಂದು ಬಿಗಿಯಾಗಿ ಇಳಿದರೆ ಹಲ್ಲುಗಳು ಸರಿಯಾಗಿ ತಾಗಿವೆ. ಸಲೀಸಾಗಿ ಜಾರಿದರೆ ಹಲ್ಲುಗಳೇ ದೂರ ಸರಿದಿವೆ. ದಾರ ಹೊರಗೆಳೆದಾಗ ರಕ್ತ ಕಂಡರೆ, ಮೂಸಿದಾಗ ಕೆಟ್ಟ ವಾಸನೆ ಬಂದರೆ ಅಂದದ ಮಾತು ಬದಿಗಿಡಿ, ಅಲ್ಲಿ ರೋಗವಿದೆ.

ಬೀಡಿ, ಸಿಗರೇಟು ಸೇದುವವರು ರಕ್ತ ಬರಲಿಲ್ಲವೆಂದು ನೆಮ್ಮದಿಪಡಬೇಡಿ. ಹೊಗೆ ವಸಡಿನ ರಕ್ತಸ್ರಾವವನ್ನು ಅಡಗಿಸಿಬಿಡುತ್ತದೆ, ರೋಗ ಒಳಗೊಳಗೇ ಸಾಗುತ್ತಿರುತ್ತದೆ.

ತಡಮಾಡದೆ ತೋರಿಸಬೇಕಾದ ಲಕ್ಷಣಗಳೂ ಇವೆ. ಇತ್ತೀಚಿನ ತಿಂಗಳುಗಳಲ್ಲಿ ಹೊಸದಾಗಿ ಕಾಣಿಸಿಕೊಂಡ ಸಂದು, ಮುಂಬಲ್ಲು ಬೀಸಣಿಗೆಯಂತೆ ಹೊರಕ್ಕೆ ಹರಡಿಕೊಳ್ಳುವುದು, ಹಲ್ಲು ಅಲ್ಲಾಡುವುದು, ವಸಡು ಒತ್ತಿದರೆ ಕೀವು ಬರುವುದು. ಇಪ್ಪತ್ತರ ಆಸುಪಾಸಿನವರಿಗೆ ಮುಂಬಲ್ಲು ಮತ್ತು ಮೊದಲ ದವಡೆ ಹಲ್ಲುಗಳ ಸುತ್ತ ಮಾತ್ರ ಹೀಗಾಗುತ್ತಿದ್ದರೆ ಇನ್ನೂ ಬೇಗ ಹೋಗಬೇಕು. ಆ ಬಗೆಯ ವಸಡಿನ ರೋಗ ಮೂಳೆಯನ್ನು ಬಹು ಬೇಗ ತಿನ್ನುತ್ತದೆ, ಹೊರಗೆ ಗಾರೆ, ಅಂದರೆ ಹಲ್ಲಿಗೆ ಗಟ್ಟಿಯಾಗಿ ಕಟ್ಟಿಕೊಳ್ಳುವ ಕೊಳೆ, ಅಷ್ಟಾಗಿ ಇರುವುದೂ ಇಲ್ಲ.

ಹೋಗುವುದು ಯಾರ ಹತ್ತಿರ? ವಸಡಿನ ತಜ್ಞರು, ಪೆರಿಯೋಡಾಂಟಿಸ್ಟ್. ಖರ್ಚಿನ ಯೋಚನೆ ಇದ್ದವರಿಗೆ ಡೆಂಟಲ್ ಕಾಲೇಜುಗಳ ವಸಡಿನ ವಿಭಾಗ ಒಳ್ಳೆಯ ದಾರಿ. ಹೊತ್ತು ಜಾಸ್ತಿ ಹಿಡಿಯುತ್ತದೆ, ಆದರೆ ಅಳತೆಯನ್ನು ಚಾರ್ಟಿನಲ್ಲಿ ಬರೆದು ಮಾಡುತ್ತಾರೆ. ಅಲ್ಲಿ ಗೆರೆ ಹಾಕಿದ ತೆಳ್ಳನೆಯ ಸಲಾಕೆಯಿಂದ ಪ್ರತಿ ಹಲ್ಲಿನ ಸುತ್ತ ಆರು ಕಡೆ ಆಳ ನೋಡುತ್ತಾರೆ. 1ರಿಂದ 3 ಮಿ.ಮೀ. ಸಹಜ. 4 ಅಥವಾ ಅದಕ್ಕಿಂತ ಹೆಚ್ಚಿದ್ದು, ಮುಟ್ಟಿದರೆ ರಕ್ತವೂ ಬಂದರೆ ಅಲ್ಲಿ ಜೇಬಿನಂಥ ಪೊಳ್ಳು ಕಟ್ಟಿದೆ ಎಂದರ್ಥ. ಹಲ್ಲಿನ ಸಣ್ಣ ಎಕ್ಸ್‌ರೇಯಲ್ಲಿ ಮೂಳೆಯ ಏಣು ಎಲ್ಲಿದೆ, ಬೇರುಗಳು ಹೇಗೆ ವಾಲಿವೆ ಎರಡೂ ಕಾಣುತ್ತವೆ. ನಿಖರವಾಗಿ ಬೇಕಾದರೆ ಮರಗಟ್ಟಿಸಿ ಸಲಾಕೆಯನ್ನು ಮೂಳೆ ತಾಗುವವರೆಗೆ ಇಳಿಸಿ ಅಳೆಯುತ್ತಾರೆ. ತಾಗುವ ಜಾಗದಿಂದ ಮೂಳೆಗೆ ಎಷ್ಟು ಮಿಲಿಮೀಟರ್ ಎಂದು ಕೇಳಿ. ಆ ಒಂದು ಸಂಖ್ಯೆ ನಿಮ್ಮ ಕೈಯಲ್ಲಿರಬೇಕು.

‘ಕ್ಲೀನ್ ಮಾಡಿಸಿದ ಮೇಲೇ ಸಂದಾಯ್ತು’

ಈ ದೂರು ಕೇಳದ ಹಲ್ಲಿನ ಕ್ಲಿನಿಕ್ಕೇ ಇರಲಾರದು. ದೂರಿನಲ್ಲಿ ಅರ್ಧ ನಿಜವಿದೆ. ಗಟ್ಟಿ ಗಾರೆ ಸಂದುಗಳನ್ನು ಸಿಮೆಂಟಿನಂತೆ ತುಂಬಿಕೊಂಡಿರುತ್ತದೆ, ಅದರ ಉರಿಗೆ ವಸಡು ಊದಿ ಎತ್ತರಕ್ಕೆ ನಿಂತಿರುತ್ತದೆ. ಸ್ಕೇಲಿಂಗ್ ಮಾಡಿ ಗಾರೆ ತೆಗೆದರೆ ಊತ ಇಳಿಯುತ್ತದೆ, ವಸಡು ಮೂಳೆ ಇದ್ದ ಮಟ್ಟಕ್ಕೆ ಕುಗ್ಗುತ್ತದೆ. ಸಂದು ಬಯಲಾಗುತ್ತದೆ, ತಣ್ಣೀರು ಜುಂ ಎನ್ನುತ್ತದೆ, ಗಾರೆಯ ಆಸರೆಯಲ್ಲಿ ನಿಂತಿದ್ದ ಹಲ್ಲು ಸ್ವಲ್ಪ ಅಲುಗಿದಂತೆಯೂ ಅನ್ನಿಸುತ್ತದೆ. ಮೂಳೆ ಹೋಗಿದ್ದು ಅದಕ್ಕೂ ವರ್ಷಗಳ ಹಿಂದೆ. ಇದಕ್ಕೆ ಹೆದರಿ ಮತ್ತೆ ಕ್ಲೀನಿಂಗಿಗೇ ಹೋಗದಿದ್ದರೆ ಉಳಿದ ಮೂಳೆಯೂ ಕರಗುತ್ತದೆ.

ಸ್ಕೇಲಿಂಗ್ ಮತ್ತು ಬೇರಿನ ಮೇಲ್ಮೈ ನಯಗೊಳಿಸುವ ಕೆಲಸ ಮುಗಿದ ಮೇಲೆ ವಸಡು ಒಂದು ಮಟ್ಟಕ್ಕೆ ಬಂದು ನಿಲ್ಲಲು ಕನಿಷ್ಠ 6ರಿಂದ 8 ವಾರ ಬೇಕು. ಆ ಹೊತ್ತಿಗೆ ಇನ್ನೊಮ್ಮೆ ಆಳ ಅಳೆಯುತ್ತಾರೆ. ಅದಕ್ಕೂ ಮೊದಲೇ ಸಂದು ಮುಚ್ಚಲು ಫಿಲ್ಲಿಂಗ್ ಹಾಕಿಸಿದರೆ, ವಸಡು ಇನ್ನೂ ಇಳಿದು ಫಿಲ್ಲಿಂಗಿನ ಕೆಳಗೆ ಹೊಸ ಕಿಂಡಿ ಬೀಳುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಈ ಅವಧಿಯಲ್ಲಿ ಸಕ್ಕರೆ ಹತೋಟಿಗೆ ತಂದುಕೊಳ್ಳಬೇಕು, ಇಲ್ಲದಿದ್ದರೆ ವಸಡು ಮಾಯುವುದೇ ನಿಧಾನ.

ಜುಂ ಎನ್ನುವುದಕ್ಕೆ 5% ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ದಿನಕ್ಕೆರಡು ಬಾರಿ ಬಳಸಿ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ನಾಲ್ಕು ದಿನಕ್ಕೆ ಬ್ರ್ಯಾಂಡ್ ಬದಲಿಸುವುದರಿಂದ ಉಪಯೋಗವಿಲ್ಲ. ಉಜ್ಜಿದ ಮೇಲೆ ನೊರೆ ಉಗುಳಿ, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಬೇಡಿ. ತೆರೆದುಕೊಂಡ ಬೇರಿಗೆ ಎನಾಮಲ್ಲಿನ ಹೊದಿಕೆ ಇಲ್ಲ, ಅಲ್ಲಿ ಹುಳುಕು ಬೇಗ ಹತ್ತುತ್ತದೆ. ಆದ್ದರಿಂದ ಮೂರರಿಂದ ಆರು ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ 5% ಸೋಡಿಯಂ ಫ್ಲೋರೈಡ್ ವಾರ್ನಿಶ್ ಹಚ್ಚಿಸಿಕೊಳ್ಳುವುದು ಒಳ್ಳೆಯದು.

ಇನ್ನು ಎಣ್ಣೆ ಮುಕ್ಕಳಿಸುವುದು, ಉಪ್ಪು ನಿಂಬೆಹಣ್ಣು ತಿಕ್ಕುವುದು, ಲವಂಗದ ಎಣ್ಣೆ, ವಸಡಿನ ಪುಡಿಗಳು. ಇವು ಯಾವುವೂ ಹೋದ ವಸಡಿನ ಮೊನೆಯನ್ನು ಮತ್ತೆ ಬೆಳೆಸುವುದಿಲ್ಲ. ಉಪ್ಪುನೀರು ಊತಕ್ಕೆ ಹಿತ, ಅಷ್ಟೇ. ಏನೂ ಬೆರೆಸದ ಲವಂಗದ ಎಣ್ಣೆ ವಸಡನ್ನು ಸುಡುತ್ತದೆ, ನಿಂಬೆಹುಳಿ ಬೇರನ್ನು ಸವೆಸುತ್ತದೆ.

ಸಂದಿನ ಬ್ರಷ್: ಹೆಚ್ಚಿನವರಿಗೆ ಇದೇ ಚಿಕಿತ್ಸೆ

ಹಿಂದಿನ ಹಲ್ಲುಗಳ ನಡುವೆ, ನಕ್ಕಾಗ ಕಾಣದ ಕಡೆ ಇರುವ ಸಂದನ್ನು ಮುಚ್ಚಲು ಹೋಗಬಾರದು ಎಂಬುದೇ ನಮ್ಮ ಸಲಹೆ. ಅದನ್ನು ಚೊಕ್ಕಟವಾಗಿಟ್ಟುಕೊಂಡರೆ ಸಾಕು. ಅದಕ್ಕೆ ಬೇಕಾದದ್ದು ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುವ ಇಂಟರ್‌ಡೆಂಟಲ್ ಬ್ರಷ್.

ದಾರ ಯಾಕೆ ಸಾಲದು? ಹಲ್ಲಿನ ಬೇರು ಕಂಬದಂತೆ ದುಂಡಗಿಲ್ಲ. ಎಷ್ಟೋ ಬೇರುಗಳ ಪಕ್ಕದಲ್ಲಿ ಉದ್ದಕ್ಕೂ ತಗ್ಗಿರುತ್ತದೆ. ಮೇಲಿನ ಮೊದಲ ಕಿರುದವಡೆ ಹಲ್ಲಿನಲ್ಲಂತೂ ಆಳವಾದ ತಗ್ಗು. ದಾರ ಆ ತಗ್ಗಿನ ಮೇಲೆ ಸೇತುವೆಯಂತೆ ಹಾದುಹೋಗುತ್ತದೆ, ಒಳಗಿನ ಲೋಳೆ ಹಾಗೇ ಉಳಿಯುತ್ತದೆ. ಬ್ರಷ್ಷಿನ ಎಳೆಗಳು ತಗ್ಗಿಗೂ ಇಳಿಯುತ್ತವೆ. ಸಂದು ಮುಚ್ಚಿಕೊಂಡಿರುವ ಕಡೆ ದಾರ, ಕಿಂಡಿ ಬಿದ್ದಿರುವ ಕಡೆ ಬ್ರಷ್.

ಅಳತೆ ಆರಿಸುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಬಣ್ಣ ನಂಬಬೇಡಿ, ಒಂದು ಕಂಪನಿಯ ನೀಲಿ ಇನ್ನೊಂದರ ಹಸಿರಾಗಿರಬಹುದು. ಪ್ಯಾಕೆಟ್ಟಿನ ಮೇಲೆ ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ಅದೂ ಕೆಲವರು ಒಳಗಿನ ತಂತಿಯ ದಪ್ಪ ಬರೆಯುತ್ತಾರೆ, ಕೆಲವರು ಬ್ರಷ್ ಹಾದುಹೋಗಬಲ್ಲ ತೂತಿನ ಅಗಲ ಬರೆಯುತ್ತಾರೆ. ನಿಯಮ ಇಷ್ಟೇ: ಬಲ ಹಾಕದೆ ಒಳಗೆ ಹೋಗುವ ಅಳತೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಎಳೆಗಳು ಎರಡೂ ಹಲ್ಲಿಗೆ ಒರಸಿದ ಅನುಭವವಾಗಬೇಕು, ತಂತಿ ಕೆರೆದಂತಾಗಬಾರದು. ಗಾಳಿ ಹೋದಂತೆ ಹೋಗಿ ಬಂದರೆ ಅದು ಚಿಕ್ಕದಾಯಿತು. ಒಂದೇ ಬಾಯಿಗೆ ಎರಡು ಮೂರು ಅಳತೆ ಬೇಕಾಗುವುದು ಸಾಮಾನ್ಯ. ಮೊದಲ ಸಲ ಡಾಕ್ಟರ ಎದುರೇ ಅಳತೆ ಮಾಡಿಸಿಕೊಳ್ಳಿ.

ರಾತ್ರಿ ಹಲ್ಲುಜ್ಜುವ ಮೊದಲು, ಪೇಸ್ಟ್ ಇಲ್ಲದೆ, ಬ್ರಷ್ ಒದ್ದೆ ಮಾಡಿ ಕನ್ನಡಿ ನೋಡಿಕೊಂಡು ಹಾಕಿ. ಪೇಸ್ಟಿನ ಪುಡಿ ಬೇರನ್ನು ಸವೆಸುತ್ತದೆ. ತುದಿಯನ್ನು ಕಿಂಡಿಗೆ ಇಟ್ಟು, ವಸಡಿನ ಮೊನೆಗೆ ಚುಚ್ಚದಂತೆ ಅಡ್ಡಕ್ಕೆ ಒಳಗೆ ನೂಕಿ, ಎಳೆಗಳ ಪೂರ್ತಿ ಉದ್ದ ಎರಡು ಮೂರು ಸಲ ಹೋಗಿ ಬರಲಿ. ತಿರುಪಬೇಡಿ, ತಂತಿ ಹಿಡಿಕೆಯ ಬುಡದಲ್ಲಿ ಮುರಿಯುವುದೇ ತಿರುಪುವುದರಿಂದ. ದವಡೆ ಹಲ್ಲಿಗೆ ಹಾಕುವಾಗ ಬಾಯಿ ದೊಡ್ಡದಾಗಿ ತೆರೆಯಬೇಡಿ, ಕೆನ್ನೆ ಬಿಗಿದು ಕೈ ಒಳಗೆ ಹೋಗುವುದಿಲ್ಲ. ಅರ್ಧ ಮುಚ್ಚಿದರೆ ಕೆನ್ನೆ ಸಡಿಲವಾಗಿ ಜಾಗ ಸಿಗುತ್ತದೆ. ಬೇಕಾದರೆ ತಂತಿಯನ್ನು ಬೆರಳಿನಿಂದ ಒಮ್ಮೆ ಮೆಲ್ಲಗೆ ಬಾಗಿಸಿಕೊಳ್ಳಿ. ಒಂದು ಕಡೆಯ ಕೊನೆಯ ಹಲ್ಲಿನಿಂದ ಶುರುಮಾಡಿ ಇನ್ನೊಂದು ಕಡೆಗೆ, ದಿನವೂ ಅದೇ ಕ್ರಮ. ತೊಳೆದು ಒಣಗಿಸಿಟ್ಟರೆ ಒಂದು ಬ್ರಷ್ ಸುಮಾರು ಒಂದೆರಡು ವಾರ ಬರುತ್ತದೆ. ಎಳೆ ಮಲಗಿದರೆ ಅಥವಾ ತಂತಿ ಸೊಟ್ಟಗಾದರೆ ಬಿಸಾಡಿ. ಇಂಪ್ಲಾಂಟ್, ಅಂದರೆ ಮೂಳೆಗೆ ಕೂರಿಸಿದ ಕೃತಕ ಹಲ್ಲು, ಇರುವವರು ಪ್ಲಾಸ್ಟಿಕ್ ಹೊದಿಕೆಯ ತಂತಿ ಇರುವುದನ್ನೇ ಕೊಳ್ಳಬೇಕು.

ಮೊದಲ ವಾರ ರಕ್ತ ಬಂದರೆ ನಿಲ್ಲಿಸಬೇಡಿ. ಊದಿದ ವಸಡು ಹಾಗೆಯೇ. ಒಂದೆರಡು ವಾರದಲ್ಲಿ ಕಡಿಮೆಯಾಗದಿದ್ದರೆ ಒಳಗೆ ಗಾರೆ ಉಳಿದಿದೆ, ತೋರಿಸಿ. ಡಾಕ್ಟರು 0.2% ಕ್ಲೋರ್‌ಹೆಕ್ಸಿಡಿನ್ ಎಂಬ ಮುಕ್ಕಳಿಸುವ ಔಷಧಿ ಬರೆದುಕೊಟ್ಟರೆ 10 ಮಿ.ಲೀ., ದಿನಕ್ಕೆರಡು ಸಲ, ಒಂದು ನಿಮಿಷ, ಎರಡು ವಾರ ಸಾಕು. ಪೇಸ್ಟ್ ಹಾಕಿ ಉಜ್ಜಿದ ಅರ್ಧ ಗಂಟೆಯಾದ ಮೇಲೆ ಬಳಸಿ, ಪೇಸ್ಟಿನ ನೊರೆ ಅದರ ಕೆಲಸ ಕೆಡಿಸುತ್ತದೆ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದಾಗುತ್ತದೆ. ಕಾಫಿ, ಟೀ ಕುಡಿಯುವವರಿಗೆ ಇನ್ನೂ ಬೇಗ.

ಮುಚ್ಚುವ ದಾರಿಗಳು

ಮೂಳೆಯನ್ನು ಮೇಲಕ್ಕೆ ತರುವುದು ಇಲ್ಲಿ ಬಹುತೇಕ ಆಗದ ಮಾತು. ಹಾಗಾಗಿ ಯಶಸ್ವಿ ಚಿಕಿತ್ಸೆಗಳೆಲ್ಲ ಮಾಡುವುದು ಒಂದೇ, ಹಲ್ಲುಗಳು ತಾಗುವ ಜಾಗವನ್ನು ವಸಡಿನ ಕಡೆಗೆ ಇಳಿಸುವುದು. ತಾಗುವ ಜಾಗದಿಂದ ಮೂಳೆಗೆ 7 ಮಿ.ಮೀ. ಇದೆ ಎನ್ನಿ. ಅದನ್ನು 2 ಮಿ.ಮೀ. ಕೆಳಗೆ ತಂದರೆ 5 ಉಳಿಯಿತು. ಆಮೇಲೆ ಉಳಿದ ಚಿಕ್ಕ ಕಿಂಡಿಯನ್ನು ವಸಡಿನ ಮೊನೆಯೇ ಕೆಲವು ತಿಂಗಳಲ್ಲಿ ತುಂಬಿಕೊಳ್ಳುವ ಸಂಭವ ಹೆಚ್ಚು. 10 ಮಿ.ಮೀ. ಇದ್ದರೆ ಇದೇ ಉಪಾಯದಿಂದ ಹಲ್ಲು ಉದ್ದನೆಯ ಪಟ್ಟಿಯಂತೆ ಕಾಣುತ್ತದೆ. ಅಲ್ಲಿ ಬೇರೆ ಯೋಚನೆ ಮಾಡಬೇಕು.

ಕ್ಲಿಪ್ಪು ಅಥವಾ ಅಲೈನರ್ (ಹಲ್ಲು ಸರಿಸುವ ಪಾರದರ್ಶಕ ಪ್ಲಾಸ್ಟಿಕ್ ತೊಡುಗೆ) ಈಗಾಗಲೇ ಹಾಕಿಕೊಂಡಿರುವವರಿಗೆ ಅದರಲ್ಲೇ ಸರಿಮಾಡಿಸಿಕೊಳ್ಳುವುದು ಸುಲಭ. ತ್ರಿಕೋನಾಕಾರದ ಹಲ್ಲಿನ ಅಗಲವಾದ ತುದಿಯಲ್ಲಿ ಪಕ್ಕಕ್ಕೆ ಒಂದೊಂದು ಹಲ್ಲಿನಿಂದ ಸುಮಾರು 0.25 ಮಿ.ಮೀ. ಎನಾಮಲ್ ತೆಳ್ಳನೆಯ ಪಟ್ಟಿಯಿಂದ ಉಜ್ಜಿ ತೆಗೆಯುತ್ತಾರೆ. ಇಬ್ಬದಿ ಸೇರಿ ಅರ್ಧ ಮಿಲಿಮೀಟರ್ ಜಾಗವಾಯಿತು. ಹಲ್ಲುಗಳನ್ನು ಎಳೆದು ಆ ಜಾಗ ಮುಚ್ಚಿದಾಗ, ಚುಕ್ಕಿಯಂತೆ ತಾಗುತ್ತಿದ್ದವು ಉದ್ದಕ್ಕೆ ಒರಗಿ ತಾಗುತ್ತವೆ. ಉಜ್ಜಿದ ಮೇಲೆ ನಯಮಾಡಿ ಫ್ಲೋರೈಡ್ ಹಚ್ಚಲೇಬೇಕು. ಹಲ್ಲು ಸರಿಸದೆ ಬರೀ ಉಜ್ಜಿಬಿಟ್ಟರೆ ಮೇಲೂ ಸಂದು, ಕೆಳಗೂ ಸಂದು. ಇನ್ನೊಂದು ಕಾರಣವನ್ನು ಎಕ್ಸ್‌ರೇಯಲ್ಲಿ ಹುಡುಕಬೇಕು: ಬ್ರಾಕೆಟ್, ಅಂದರೆ ಕ್ಲಿಪ್ಪಿನ ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಬಿಲ್ಲೆ, ಓರೆಯಾಗಿ ಕೂತಿದ್ದರೆ ಬೇರುಗಳು ಕವಲಿನಂತೆ ಅಗಲಿರುತ್ತವೆ. ಬ್ರಾಕೆಟ್ ತೆಗೆದು ಸರಿಯಾದ ಕೋನದಲ್ಲಿ ಅಂಟಿಸಿ ಬೇರುಗಳನ್ನು ಸಮಾನಾಂತರಕ್ಕೆ ತಂದರೆ ಎಷ್ಟೋ ಸಂದುಗಳು ತಾವಾಗಿಯೇ ಸಣ್ಣದಾಗುತ್ತವೆ. ಆದ್ದರಿಂದ ಕ್ಲಿಪ್ಪು ಬಿಚ್ಚುವ ಮೊದಲೇ ಈ ಮಾತು ತೆಗೆಯಿರಿ, ಬಿಚ್ಚಿದ ಮೇಲಲ್ಲ.

ಕ್ಲಿಪ್ಪು ಬೇಡವೆನ್ನುವವರಿಗೆ ಕಾಂಪೊಸಿಟ್ ಎಂಬ ಹಲ್ಲಿನ ಬಣ್ಣದ ಫಿಲ್ಲಿಂಗ್ ವಸ್ತು ಹಚ್ಚಿ ಹಲ್ಲಿನ ಬುಡವನ್ನು ಅಗಲಿಸುವುದು ಒಳ್ಳೆಯ ದಾರಿ. ಕೊರೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಬೇಡವಾದರೆ ತೆಗೆಸಬಹುದು. ಆದರೆ ಕೆಲಸ ಸೂಕ್ಷ್ಮ. ಮಾಡುವ ಕೈ ಪಳಗಿರಬೇಕು.

ಬಣ್ಣ ಹೊಂದಿಸುವುದು ಹಲ್ಲು ಒಣಗುವ ಮೊದಲು ಆಗಬೇಕು. ಬಾಯಿ ತೆರೆದು ಹತ್ತು ನಿಮಿಷವಾದರೆ ಹಲ್ಲು ಬೆಳ್ಳಗಾಗುತ್ತದೆ, ಆಗ ಆರಿಸಿದ ಬಣ್ಣ ಮರುದಿನ ಹೊಂದುವುದಿಲ್ಲ. ಆಮೇಲೆ ರಬ್ಬರ್ ಹಾಳೆ ಕಟ್ಟಿ ಉಗುಳು, ರಕ್ತ ದೂರವಿಡುತ್ತಾರೆ. ಲೋಳೆ ಪದರ ಕಣ್ಣಿಗೆ ಕಾಣದು, ಬಣ್ಣ ಹಚ್ಚಿ ಕಂಡುಹಿಡಿದು ಪುಡಿಯ ಗಾಳಿ ಹೊಡೆದು ಪೂರ್ತಿ ತೆಗೆಯಬೇಕು. ಈ ಹಂತ ಬಿಟ್ಟ ಕಡೆ ಕಾಂಪೊಸಿಟ್ ಅಂಚಿನಲ್ಲಿ ಒಂದೇ ವರ್ಷಕ್ಕೆ ಕಂದು ಗೆರೆ ಮೂಡುತ್ತದೆ. ಸಾದಾ ಚಪ್ಪಟೆ ಪ್ಲಾಸ್ಟಿಕ್ ಪಟ್ಟಿ ಇಲ್ಲಿ ಕೆಲಸಕ್ಕೆ ಬಾರದು. ಹಲ್ಲಿನ ಬುಡದ ಉಬ್ಬಿಗೆ ಹೊಂದುವಂತೆ ಮೊದಲೇ ಬಾಗಿಸಿದ ಪಾರದರ್ಶಕ ಅಚ್ಚು, ಅಂದರೆ ಮ್ಯಾಟ್ರಿಕ್ಸ್, ವಸಡಿನ ಒಳಗೆ ತುಸು ಇಳಿದು ಕೂರಬೇಕು. ಅದರ ಪಕ್ಕ ಬೆಣೆ ತುರುಕಿದರೆ ಬಾಗು ಚಪ್ಪಟೆಯಾಗಿ, ಬೇಕಾದ ಉಬ್ಬೇ ಸಿಗುವುದಿಲ್ಲ.

ಎನಾಮಲ್ಲಿಗೆ 37% ಫಾಸ್ಫಾರಿಕ್ ಆಸಿಡ್ 15ರಿಂದ 30 ಸೆಕೆಂಡ್. ತೊಳೆದು ಒಣಗಿಸಿದಾಗ ಸುಣ್ಣ ಬಳಿದಂತೆ ಬಿಳಿಚಿಕೊಂಡರೆ ಹಿಡಿದಿದೆ. ಪಾವಗಡ, ಕೋಲಾರದ ಕಡೆಯ ಬೋರ್‌ವೆಲ್ ನೀರು ಕುಡಿದು ಬೆಳೆದು ಫ್ಲೋರೈಡ್ ಕಲೆ ಇರುವ ಹಲ್ಲುಗಳು ಆಸಿಡ್ಡಿಗೆ ಸುಲಭವಾಗಿ ಬಗ್ಗುವುದಿಲ್ಲ. ಅವಕ್ಕೆ ಹೆಚ್ಚು ಹೊತ್ತು ಇಡಬೇಕು ಅಥವಾ ಮೇಲಿನ ಪದರವನ್ನು ತೆಳುವಾಗಿ ಒರಟುಗೊಳಿಸಬೇಕು. ನಿಮ್ಮ ಹಲ್ಲು ಅಂಥದ್ದಾದರೆ ಮೊದಲೇ ಹೇಳಿ. ಆಮೇಲೆ ಬಾಂಡ್ ಎಂಬ ಅಂಟು ಹಚ್ಚಿ, ಗಾಳಿಯಿಂದ ತೆಳುಮಾಡಿ, ಲೈಟ್ ಹಿಡಿದು, ತೆಳ್ಳನೆಯ ಕಾಂಪೊಸಿಟ್ ಬುಡಕ್ಕೆ ಬಿಟ್ಟು ಅದರ ಮೇಲೆ ಬಿಸಿಮಾಡಿ ಮೆದುವಾಗಿಸಿದ ಗಟ್ಟಿ ಕಾಂಪೊಸಿಟ್ ತುಂಬುತ್ತಾರೆ. ಬಿಸಿ ಮಾಡುವುದು ಗುಳ್ಳೆಯಿಲ್ಲದೆ ಮೂಲೆಮೂಲೆಗೂ ಹರಿಯಲಿ ಎಂದು. ಮುಂದಿನಿಂದಲೂ ಹಿಂದಿನಿಂದಲೂ ಲೈಟ್ ಹಿಡಿಯಬೇಕು.

ಒಂದು ಸಂದಿಗೆ ಎರಡೂ ಹಲ್ಲುಗಳಿಗೆ ಸಮನಾಗಿ ಸೇರಿಸಬೇಕು. ಒಂದೇ ಹಲ್ಲಿಗೆ ಎಲ್ಲ ಮೆತ್ತಿದರೆ ಅದು ಜೋಡಿಗಿಂತ ದಪ್ಪ ಕಾಣುತ್ತದೆ. ನಾಲ್ಕಾರು ಸಂದು ಒಟ್ಟಿಗೆ ಮುಚ್ಚಿಸುವವರು ಮೊದಲು ಆಸಿಡ್ ಹಾಕದೆ ಕಾಂಪೊಸಿಟ್ ಅಥವಾ ಮೇಣ ಹಚ್ಚಿಸಿ ಕನ್ನಡಿಯಲ್ಲಿ ನೋಡಿಕೊಳ್ಳಲಿ. ಹಲ್ಲುಗಳು ಚೌಕವಾಗುತ್ತವೆ, ಮುಖದ ಕಳೆ ಬದಲಾಗುತ್ತದೆ, ಕೆಲವರಿಗೆ ಅದು ಹಿಡಿಸುವುದಿಲ್ಲ.

ಕೆಲಸ ಕೆಡುವುದು ಬಹುತೇಕ ಒಂದೇ ಜಾಗದಲ್ಲಿ: ವಸಡಿನ ಅಂಚಿನಲ್ಲಿ ಚಾಚಿಕೊಂಡ ಏಣು. ಕೆಳಗೆ ಮೆಟ್ಟಿಲಿನಂತೆ ಉಳಿದ ಕಾಂಪೊಸಿಟ್ ಅಡಿಯಲ್ಲಿ ಲೋಳೆ ಕೂತು, ವಸಡು ಕೆಂಪಾಗಿ, ಮೂಳೆ ಮತ್ತೆ ಇಳಿಯುತ್ತದೆ. ಅಂದರೆ ಚಿಕಿತ್ಸೆಯೇ ರೋಗವಾಯಿತು. ಕುರ್ಚಿಯಿಂದ ಏಳುವ ಮೊದಲು ಫ್ಲಾಸ್ ಹಾಕಿ ನೋಡಿ ಎಂದು ಕೇಳಿ. ‘ಟಕ್’ ಎಂದು ಇಳಿದು, ಹಲ್ಲಿನ ಮೇಲೆ ಜಾರುತ್ತ ವಸಡಿನ ಒಳಕ್ಕೆ ಹೋಗಿ, ಎಳೆ ಬಿಡದೆ ಹೊರಬರಬೇಕು. ಬಿಚ್ಚಿಕೊಂಡರೆ ಅಲ್ಲಿ ಒರಟಿದೆ. ಕಚ್ಚಿ ನೋಡುವ ಕಾಗದದಿಂದ ಕಚ್ಚನ್ನೂ ಪರೀಕ್ಷಿಸಬೇಕು. ಹಲ್ಲು ಕಡಿಯುವ ಅಭ್ಯಾಸ ಇದ್ದವರಿಗೆ ತುದಿ ಬೇಗ ಚಕ್ಕೆ ಏಳುತ್ತದೆ.

ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳ್ಳನೆಯ ಪೋರ್ಸಲಿನ್ ವಿನಿಯರ್, ಕ್ಯಾಪ್ ಇವುಗಳಿಂದಲೂ ಸಂದು ಮುಚ್ಚಬಹುದು, ಬಣ್ಣ ಮಾಸುವುದಿಲ್ಲ. ಆದರೆ ಸಂದು ಮುಚ್ಚುವುದಕ್ಕೇ ಎಂದು ಗಟ್ಟಿ ಹಲ್ಲನ್ನು ಸುತ್ತ ಕೊರೆದು ಕ್ಯಾಪ್ ಹಾಕಿಸುವುದು ನಮಗೆ ಒಪ್ಪಿಗೆಯಿಲ್ಲ. ಹಲ್ಲಿಗೆ ಮೊದಲೇ ಬೇರೆ ಕಾರಣಕ್ಕೆ ಕ್ಯಾಪ್ ಬೇಕಾಗಿದ್ದರೆ ಮಾತು ಬೇರೆ. ಆಗ ಲ್ಯಾಬಿಗೆ ತಾಗುವ ಜಾಗ ಎಷ್ಟು ಕೆಳಗಿರಬೇಕು ಎಂಬ ಅಳತೆ ಬರೆದು ಕಳಿಸಬೇಕು.

ವಸಡಿನ ಮೊನೆಗೆ ಹೈಯಲುರಾನಿಕ್ ಆಸಿಡ್ ಜೆಲ್ ಚುಚ್ಚುವುದು ಈಚೆಗೆ ಕೇಳಿಬರುತ್ತಿದೆ. ಮೊನೆಯ ತುದಿಯಿಂದ 2-3 ಮಿ.ಮೀ. ಕೆಳಗೆ, ಒಂದು ಸಂದಿಗೆ 0.2 ಮಿ.ಲೀ.ಗೂ ಕಡಿಮೆ, ಸುಮಾರು ಮೂರು ವಾರಕ್ಕೊಮ್ಮೆ ಎರಡು ಮೂರು ಸಲ. ಜೆಲ್ ನೀರು ಹಿಡಿದು ಮೊನೆಯನ್ನು ಉಬ್ಬಿಸುತ್ತದೆ. ಚಿಕ್ಕ ಸಂದಿಗೆ, ಆರೋಗ್ಯವಾದ ವಸಡಿಗೆ ಮಾತ್ರ ಇದು. ಜೆಲ್ ಕ್ರಮೇಣ ಕರಗುವುದರಿಂದ ಶಾಶ್ವತವೆಂದು ಹಣ ಕೊಡಬೇಡಿ. ರಕ್ತನಾಳಕ್ಕೆ ಹೋದರೆ ಅಪಾಯವಿದೆ, ಬ್ಯೂಟಿ ಪಾರ್ಲರಿನಲ್ಲಿ ಮಾಡಿಸುವ ಕೆಲಸವಲ್ಲ. ಅಂಗುಳಿನಿಂದ ಚೂರು ತೆಗೆದು ವಸಡಿಗೆ ಕಸಿ ಮಾಡುವ ಆಪರೇಷನ್ ಹಲ್ಲಿನ ಮುಂಭಾಗದಲ್ಲಿ ಇಳಿದ ವಸಡಿಗೆ ಚೆನ್ನಾಗಿ ಹಿಡಿಯುತ್ತದೆ. ಎರಡು ಹಲ್ಲಿನ ನಡುವಿನ ಮೊನೆಗೆ ಅಷ್ಟು ಭರವಸೆ ಇಲ್ಲ, ಅಷ್ಟು ಕಿರಿದಾದ ಜಾಗಕ್ಕೆ ರಕ್ತಸಂಚಾರ ಸಾಲದು.

ಮೂಳೆ ತುಂಬ ಇಳಿದು ಮೇಲಿನ ಆರೇಳು ಹಲ್ಲುಗಳ ನಡುವೆಯೂ ದೊಡ್ಡ ಕಿಂಡಿಗಳಾಗಿದ್ದರೆ, ವಸಡಿನ ಬಣ್ಣದ ತೆಳ್ಳನೆಯ ಮುಖವಾಡವನ್ನು ಅಕ್ರಿಲಿಕ್ ಅಥವಾ ಸಿಲಿಕೋನಿನಲ್ಲಿ ಮಾಡಿಸಬಹುದು. ಸಂದುಗಳಿಗೆ ಸಿಕ್ಕಿಸಿ ಹಾಕಿಕೊಳ್ಳುವುದು, ಊಟಕ್ಕೆ ಮತ್ತು ರಾತ್ರಿ ತೆಗೆದಿಡುವುದು. ಮಾತಾಡುವಾಗ ಉಗುಳು ಹಾರುವುದು, ಗಾಳಿ ಹೋಗುವುದು ಇದರಿಂದ ನಿಲ್ಲುತ್ತದೆ. ಕಂದು ವಸಡಿನವರು ಲ್ಯಾಬಿನವರಿಗೆ ಬಣ್ಣ ಸರಿಯಾಗಿ ತೋರಿಸದಿದ್ದರೆ ಗುಲಾಬಿ ತೇಪೆ ಹಚ್ಚಿದಂತೆ ಕಾಣುತ್ತದೆ.

ಮುಚ್ಚಿಸಿಕೊಂಡ ಮೇಲೆ

ಕಾಂಪೊಸಿಟ್ ಹಾಕಿಸಿದ ಮೊದಲೆರಡು ದಿನ ಅರಿಶಿನದ ಸಾರು, ಕಡುಕಾಫಿ ಕಡಿಮೆ ಮಾಡಿ. ಎಲೆ ಅಡಿಕೆ ಹಾಕುವವರಿಗೆ ಬಣ್ಣ ಹತ್ತುವುದು ಖಂಡಿತ. ಅಡಿಕೆ ಕಡಿಯುವುದರಿಂದ ಅಂಚೂ ಒಡೆಯುತ್ತದೆ. ಚಕ್ಕುಲಿ, ಕಬ್ಬು, ಜೋಳದ ತೆನೆಯನ್ನು ಮುಂಬಲ್ಲಿನಿಂದ ಕಚ್ಚಬೇಡಿ, ಮುರಿದು ದವಡೆಗೆ ಹಾಕಿ. ಮೊದಲು ಸಂದಿನ ಬ್ರಷ್ ಹೋಗುತ್ತಿದ್ದ ಜಾಗಕ್ಕೆ ಈಗ ಹೋಗುವುದಿಲ್ಲ, ಬಲವಂತ ಮಾಡಬಾರದು, ಅಲ್ಲಿ ಇನ್ನು ದಾರ. ಕೆಳಗಿನ ಹಲ್ಲುಗಳ ಹಿಂದೆ ತಂತಿ ಅಂಟಿಸಿಕೊಂಡವರಿಗೆ ಮೇಲಿನಿಂದ ದಾರ ಇಳಿಯದು. ಒಂದು ತುದಿ ಗಟ್ಟಿಯಾಗಿರುವ ಫ್ಲಾಸನ್ನು ಸೂಜಿಗೆ ದಾರ ಪೋಣಿಸಿದಂತೆ ತಂತಿಯ ಕೆಳಗೆ ನುಗ್ಗಿಸಬೇಕು.

ಆರು ತಿಂಗಳಿಗೊಮ್ಮೆ ಪಾಲಿಷ್, ಮೊದಲ ವರ್ಷ ಮುಗಿದಾಗ ಅಂಚು ನೋಡಲು ಒಂದು ಎಕ್ಸ್‌ರೇ. ವಸಡಿನ ರೋಗ ಇದ್ದವರು ಮೂರು ತಿಂಗಳಿಗೊಮ್ಮೆ ಆಳ ಅಳೆಸಿಕೊಳ್ಳಬೇಕು. ನಡುವೆ ಎಂದಾದರೂ ಫ್ಲಾಸ್ ಒಂದೇ ಜಾಗದಲ್ಲಿ ಎಳೆ ಎಳೆಯಾಗಿ ಬರತೊಡಗಿದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ. ಅಂಚು ಒಡೆದಿರುತ್ತದೆ. ಆ ವಾರವೇ ಹೋದರೆ ಪಟ್ಟಿ ಹಾಕಿ ನಯಮಾಡಿ ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ, ಆರು ತಿಂಗಳು ಬಿಟ್ಟರೆ ಕೆಳಗಿನ ಬೇರಿಗೆ ಹುಳುಕು ಹತ್ತಿ ಎಲ್ಲ ತೆಗೆದು ಹೊಸದಾಗಿ ಹಾಕಬೇಕಾಗುತ್ತದೆ.